ರಾಜ್ಯದ ಸಾಲವೂ ನಮ್ಮ ಸೀಮೆಯೂ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯ ಮಿತ್ರರು ಕೇಳಿದರು. ಶಾಲೆಯ ಹಳೆಯ ನೆನಪುಗಳನ್ನು ಬರೆಯಲು ನನಗಿಂತ ಸಮರ್ಥರು ಅನೇಕರಿದ್ದಾರೆ. ಖಜಾನೆಯ ಲೆಕ್ಕ ಬರೆಯುತ್ತಲೇ ಆಯುಷ್ಯದ ಬಹುಭಾಗವನ್ನು ಕಳೆದ ನಾನು ಲೆಕ್ಕದ ವಿಷಯವನ್ನೇ ಆರಿಸಿಕೊಂಡಿದ್ದೇನೆ. ವಿಷಯ ಶುಷ್ಕವೆಂದು ತೋರಿದರೆ ಓದುಗರು ಒಂದೆರಡು ಪುಟ ತಾಳ್ಮೆ ವಹಿಸಬೇಕೆಂದು ಪ್ರಾರ್ಥನೆ.

2021ರ ಆಗಸ್ಟ್ ತಿಂಗಳಿನಲ್ಲಿ ತಮಿಳುನಾಡು ಸರ್ಕಾರ ತನ್ನ ಹಣಕಾಸಿನ ಸ್ಥಿತಿಯನ್ನು ಕುರಿತು ಶ್ವೇತಪತ್ರವೊಂದನ್ನು ಹೊರಡಿಸಿತು. ರಾಜ್ಯದ ಸಾಲವನ್ನು ಕುಟುಂಬಗಳಿಗೆ ಹಂಚಿದರೆ ಒಂದೊಂದು ಕುಟುಂಬದ ಪಾಲಿಗೆ ಸುಮಾರು 2 ಲಕ್ಷ 63 ಸಾವಿರ ರೂಪಾಯಿ ಬೀಳುತ್ತದೆ ಎಂದು ಅದರಲ್ಲಿ ಹೇಳಲಾಗಿತ್ತು. ಪತ್ರಿಕೆಯಲ್ಲಿ ಇದನ್ನು ಓದಿದ ನನ್ನ ಸಹಪಾಠಿಯೊಬ್ಬರು, ಹೊಸೂರಿನ ಹತ್ತಿರದ ಹಳ್ಳಿಯಲ್ಲಿ ಹೂವು ಬೆಳೆಯುವವರು, ಚಹದ ಅಂಗಡಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು. “ಏನಪ್ಪಾ, ಈ ಸಾಲವನ್ನು ನಾನು ಯಾವಾಗ ತೆಗೆದುಕೊಂಡೆ? ಯಾರಿಗೆ ತೀರಿಸಬೇಕು?” ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ಹಾಸ್ಯವಿದ್ದರೂ ಅದು ಕೇಳತಕ್ಕ ಪ್ರಶ್ನೆಯೇ. ಅಂದು ನಾನು ಕೊಟ್ಟ ಉತ್ತರ ನನಗೇ ತೃಪ್ತಿ ತರಲಿಲ್ಲ. ಈ ಲೇಖನ ಅದೇ ಉತ್ತರವನ್ನು ಇನ್ನಷ್ಟು ಸಾವಧಾನವಾಗಿ ಹೇಳುವ ಪ್ರಯತ್ನ.

ಮೊದಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ಕೊರತೆ ಬೇರೆ, ಸಾಲ ಬೇರೆ. ದಿನಸಿ ಅಂಗಡಿಯ ಬಾಕಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಈ ತಿಂಗಳು ನಮ್ಮ ಕೈಯಲ್ಲಿದ್ದ ಹಣಕ್ಕಿಂತ ಮುನ್ನೂರು ರೂಪಾಯಿ ಹೆಚ್ಚು ಸಾಮಾನು ತಂದರೆ ಆ ಮುನ್ನೂರು ಈ ತಿಂಗಳ ಕೊರತೆ. ಪುಸ್ತಕದ ಕೊನೆಯಲ್ಲಿ ಶೆಟ್ಟರು ಕೂಡಿಸಿ ಬರೆದಿರುವ ಒಟ್ಟು ಬಾಕಿ ಸಾಲ. ಕೊರತೆ ತಗ್ಗಿದ ಮಾತ್ರಕ್ಕೆ ಸಾಲ ತಗ್ಗುವುದಿಲ್ಲ. ಸಾಲ ಬೆಳೆಯುವ ವೇಗವಷ್ಟೇ ತಗ್ಗುತ್ತದೆ. ಸರ್ಕಾರದ ಆಯವ್ಯಯದಲ್ಲಿ ಕೊರತೆಗೂ ಎರಡು ಮುಖಗಳಿವೆ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಮೊದಲಾದ ನಿತ್ಯದ ಖರ್ಚಿಗೆ ತೆರಿಗೆಯ ವರಮಾನ ಸಾಲದೆ ಹೋದರೆ ಅದು ರಾಜಸ್ವ ಕೊರತೆ. ಅದರೊಂದಿಗೆ ಅಣೆಕಟ್ಟು, ರಸ್ತೆ, ಕಟ್ಟಡಗಳಿಗೆ ಮಾಡುವ ಬಂಡವಾಳ ವೆಚ್ಚವನ್ನೂ ಸೇರಿಸಿ, ಒಟ್ಟಿನಲ್ಲಿ ಎಷ್ಟು ಸಾಲ ಮಾಡಬೇಕಾಯಿತೆಂದು ನೋಡಿದರೆ ಅದು ವಿತ್ತೀಯ ಕೊರತೆ. ಉಪ್ಪು ಮೆಣಸಿನಕಾಯಿಗೆ ಮಾಡಿದ ಸಾಲವೂ ಬಾವಿ ತೋಡಿಸಲು ಮಾಡಿದ ಸಾಲವೂ ಬಾಕಿ ಪುಸ್ತಕದಲ್ಲಿ ಒಂದೇ ಬಗೆಯ ಅಂಕಿಗಳಾಗಿ ಕಾಣುತ್ತವೆ. ಮನೆಯ ಮೇಲೆ ಅವುಗಳ ಪರಿಣಾಮ ಮಾತ್ರ ಒಂದೇ ಅಲ್ಲ.

ಇಷ್ಟು ಪೀಠಿಕೆಯ ನಂತರ ನಮ್ಮ ಸೀಮೆಯ ಕಥೆಗೆ ಬರೋಣ. ಕೃಷ್ಣಗಿರಿಯೂ ಹೊಸೂರೂ ಮೈಸೂರಿನಿಂದ ಬೇರ್ಪಟ್ಟ ಬಗೆಯನ್ನು ನಾವು ಶಾಲೆಯಲ್ಲಿ ಯುದ್ಧಗಳ ಪಾಠವಾಗಿ ಓದಿದೆವು. ಖಜಾನೆಯ ಗುಮಾಸ್ತನ ಕಣ್ಣಿಗೆ ಅದು ಒಂದು ಬಾಕಿಯ ವಸೂಲಿಯಾಗಿಯೂ ಕಾಣುತ್ತದೆ. 1792ರ ಮಾರ್ಚ್ 18ರಂದು ಪೂರ್ಣಗೊಂಡ ಶ್ರೀರಂಗಪಟ್ಟಣದ ಒಪ್ಪಂದದ ಪ್ರಕಾರ ಟಿಪ್ಪು ಸುಲ್ತಾನನು ತನ್ನ ರಾಜ್ಯದ ಅರ್ಧವನ್ನು ಕಂಪನಿ, ನಿಜಾಮ ಮತ್ತು ಮರಾಠರಿಗೆ ಬಿಟ್ಟುಕೊಟ್ಟನು. ಅದರ ಮೇಲೆ 3 ಕೋಟಿ 30 ಲಕ್ಷ ರೂಪಾಯಿಗಳನ್ನು ಯುದ್ಧದಂಡವಾಗಿ ತೆರಬೇಕಾಯಿತು. ಅರ್ಧ ಹಣ ಕೂಡಲೇ, ಉಳಿದರ್ಧ ಮೂರು ಕಂತುಗಳಲ್ಲಿ, ಒಂದೊಂದು ಕಂತಿಗೂ ನಾಲ್ಕು ತಿಂಗಳಿಗೆ ಮೀರದ ಅವಧಿ. ಹಣ ಸಲ್ಲುವವರೆಗೆ ಇಬ್ಬರು ಎಳೆಯ ರಾಜಕುಮಾರರು ಲಾರ್ಡ್ ಕಾರ್ನ್‌ವಾಲಿಸನ ಬಳಿ ಒತ್ತೆ.

ಆ ಮೊತ್ತದ ಭಾರವನ್ನು ಅರಿಯಬೇಕಾದರೆ ಅದನ್ನು ವರಮಾನದೊಡನೆ ಹೋಲಿಸಬೇಕು. ಸಾಲವನ್ನು ಯಾವಾಗಲೂ ಹಾಗೆಯೇ ಅಳೆಯಬೇಕು. ಒಪ್ಪಂದದ ಕಾಲಕ್ಕೆ ಟಿಪ್ಪುವಿನ ರಾಜ್ಯದ ವಾರ್ಷಿಕ ಹುಟ್ಟುವಳಿಯನ್ನು ಸುಮಾರು 2 ಕೋಟಿ 37 ಲಕ್ಷ ರೂಪಾಯಿ ಎಂದು ಲೆಕ್ಕ ಹಾಕಲಾಯಿತು. ಅದರಲ್ಲಿ ಅರ್ಧ ಕೈಬಿಟ್ಟಮೇಲೆ ಉಳಿದದ್ದು 1 ಕೋಟಿ 18 ಲಕ್ಷದಷ್ಟು. ಅಂದರೆ ಉಳಿದ ರಾಜ್ಯದ ಮೂರು ವರ್ಷಗಳ ಆದಾಯಕ್ಕೆ ಸಮೀಪವಾದ ಹಣವನ್ನು ಒಂದು ವರ್ಷದ ಆಸುಪಾಸಿನಲ್ಲಿ ತೆರಬೇಕಿತ್ತು. ಅರಮನೆಯ ಭಂಡಾರದಿಂದ ಒಂದು ಭಾಗ ಬಂದಿತು. ಉಳಿದುದು ಸೇನೆಯಿಂದ, ಅಧಿಕಾರಿಗಳಿಂದ, ಕೊನೆಗೆ ರೈತರಿಂದ ಎತ್ತಿದ ಹಣ. ರಾಜಕುಮಾರರು ತಂದೆಯನ್ನು ಸೇರಿದ್ದು 1794ರಲ್ಲಿ.

ಬಿಟ್ಟುಕೊಡುವ ನೆಲವನ್ನು ಆರಿಸುವಾಗ ಮೈಲಿಗಳಲ್ಲಿ ಅಳೆಯಲಿಲ್ಲ. ಅಲ್ಲಿ ಯಾವ ಭಾಷೆಯನ್ನಾಡುತ್ತಾರೆಂದು ಯಾರೂ ಕೇಳಲೂ ಇಲ್ಲ. ಪ್ರತಿಯೊಂದು ಸೀಮೆಯಿಂದ ಎಷ್ಟು ವರಹ ಹುಟ್ಟುವಳಿ ಬರುತ್ತದೆಂಬ ಪಟ್ಟಿಯನ್ನು ಮುಂದಿಟ್ಟುಕೊಂಡು ಪಾಲುಮಾಡಿದರು. ಘಟ್ಟದ ಕೆಳಗಿನ ಬಾರಾಮಹಲ್, ಅಂದರೆ ಕೃಷ್ಣಗಿರಿಯ ಸೀಮೆ, ಹೀಗೆ ಕಂಪನಿಯ ಪಾಲಿಗೆ ಸೇರಿತು. ಘಟ್ಟದ ಮೇಲಿನ ಹೊಸೂರು, ಡೆಂಕಣಿಕೋಟೆಗಳು ಇನ್ನೂ ಏಳು ವರ್ಷ ಮೈಸೂರಿನಲ್ಲಿಯೇ ಉಳಿದು, 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಯ ಸೇಲಂ ಜಿಲ್ಲೆಯನ್ನು ಕೂಡಿದವು. ಬಾರಾಮಹಲಿನಲ್ಲಿ ಕ್ಯಾಪ್ಟನ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಹೊಲಹೊಲವನ್ನೂ ಅಳೆಸಿ, ರೈತನಿಂದ ನೇರವಾಗಿ ಕಂದಾಯ ಪಡೆಯುವ ಕ್ರಮವನ್ನು ರೂಪಿಸಿದರು. ಮುಂದೆ ಮದರಾಸು ಪ್ರಾಂತದ ಬಹುಭಾಗಕ್ಕೆ ಹರಡಿದ ರೈತವಾರಿ ಪದ್ಧತಿಯ ತೊಟ್ಟಿಲು ನಮ್ಮ ಈ ಸೀಮೆಯೇ.

ಸಾಲವನ್ನು ಹೀಗೆ ಕೂಡಲೇ, ಒತ್ತೆಯಿರಿಸಿಕೊಂಡು ವಸೂಲು ಮಾಡಿದ ಆಂಗ್ಲರು ತಮ್ಮ ಸ್ವಂತ ಸಾಲವನ್ನು ಹೇಗೆ ನಡೆಸಿದರು? 1694ರಲ್ಲಿ ಫ್ರಾನ್ಸಿನೊಡನೆ ಯುದ್ಧಕ್ಕೆ ಹಣ ಸಾಲದೆ ಇಂಗ್ಲೆಂಡಿನ ಸರ್ಕಾರವು ಆಗತಾನೇ ಹುಟ್ಟಿದ ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ 12 ಲಕ್ಷ ಪೌಂಡುಗಳನ್ನು ನೂರಕ್ಕೆ 8ರ ಬಡ್ಡಿಗೆ ಪಡೆಯಿತು. ಅಲ್ಲಿಂದ ಮುಂದೆ ಯುದ್ಧಕ್ಕೊಂದು ಸಾಲ. 1815ರಲ್ಲಿ ನೆಪೋಲಿಯನ್ ಸೋತಾಗ ಬ್ರಿಟನ್ನಿನ ಸಾಲ ಅದರ ವಾರ್ಷಿಕ ರಾಷ್ಟ್ರೀಯ ಆದಾಯದ ಸುಮಾರು ಎರಡರಷ್ಟಾಗಿತ್ತು. ಆದರೂ ಆ ದೇಶ ಮುಳುಗಲಿಲ್ಲ. ಏಕೆಂದರೆ ಅಸಲನ್ನು ಯಾವಾಗ ಹಿಂದಿರುಗಿಸಬೇಕೆಂಬ ಗಡುವೇ ಇಲ್ಲದ ಪತ್ರಗಳನ್ನು ಅದು ಮಾರಿತ್ತು. ಬಡ್ಡಿ ಸಂದರೆ ಸಾಕು. ಬಡ್ಡಿಗೆ ಬೇಕಾದ ತೆರಿಗೆಯನ್ನು ಪಾರ್ಲಿಮೆಂಟು ತಪ್ಪದೆ ಮಂಜೂರು ಮಾಡುತ್ತದೆಂಬ ನಂಬಿಕೆ ಸಾಲಿಗರಲ್ಲಿತ್ತು. ಸಾಲಿಗರಲ್ಲಿ ಬಹುಮಂದಿ ಆ ದೇಶದವರೇ. ಆ ಹಳೆಯ ಪತ್ರಗಳಲ್ಲಿ ಉಳಿದಿದ್ದ ಕೊನೆಯವನ್ನು ಬ್ರಿಟನ್ ತೀರಿಸಿದ್ದು 2015ರಲ್ಲಿ! ಮೈಸೂರಿಗೆ ಸಿಕ್ಕಿದ್ದು ಒಂದು ವರ್ಷದ ಅವಧಿ, ಅವರು ತಮಗೆ ತಾವೇ ಕೊಟ್ಟುಕೊಂಡದ್ದು ಇನ್ನೂರು ವರ್ಷ. ಸಾಲದ ಮೊತ್ತಕ್ಕಿಂತ ಅದರ ಷರತ್ತುಗಳೇ ಒಂದು ರಾಜ್ಯದ ಗತಿಯನ್ನು ನಿರ್ಧರಿಸಬಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿಯದು.

1799ರ ನಂತರದ ಮೈಸೂರಿನ ಕಥೆಯೂ ಇದನ್ನೇ ಹೇಳುತ್ತದೆ. ಒಡೆಯರ ವಂಶಕ್ಕೆ ರಾಜ್ಯವನ್ನು ಹಿಂದಿರುಗಿಸುವಾಗ ಕಂಪನಿ ವರ್ಷಕ್ಕೆ 7 ಲಕ್ಷ ವರಹ, ಎಂದರೆ 24 ಲಕ್ಷ 50 ಸಾವಿರ ರೂಪಾಯಿಗಳ ಪೊಗದಿಯನ್ನು ಗೊತ್ತುಪಡಿಸಿತು. ಆ ಹಣಕ್ಕೆ ಧಕ್ಕೆ ಬರುವ ಭಯ ತೋರಿದರೆ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದೆಂಬ ಷರತ್ತು ಒಪ್ಪಂದದಲ್ಲಿತ್ತು. ದಿವಾನ್ ಪೂರ್ಣಯ್ಯನವರು ಬಿಗಿಯಾಗಿ ಲೆಕ್ಕ ನಡೆಸಿ, 1811ರಲ್ಲಿ ಅಧಿಕಾರ ಬಿಡುವಾಗ ಸುಮಾರು ಎರಡು ಕೋಟಿ ರೂಪಾಯಿಗಳ ಉಳಿತಾಯವನ್ನು ತೋರಿಸಿದರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಆ ಉಳಿತಾಯ ಕರಗಿ ಸಾಲ ಬೆಳೆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಔದಾರ್ಯವನ್ನು ಇದಕ್ಕೆ ಕಾರಣವಾಗಿ ತೋರಿಸುವವರು, ವರಮಾನದ ಬಹುದೊಡ್ಡ ಪಾಲು ಪ್ರತಿವರ್ಷ ಪೊಗದಿಗೆ ಹೋಗುತ್ತಿತ್ತೆಂಬುದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ನಗರ ಪ್ರಾಂತದ ರೈತರು ಕಂದಾಯದ ಭಾರ ತಾಳಲಾರದೆ 1830ರಲ್ಲಿ ದಂಗೆಯೆದ್ದರು. ಮರುವರ್ಷ ಗವರ್ನರ್ ಜನರಲ್ ಬೆಂಟಿಂಕನು ಹಳೆಯ ಷರತ್ತನ್ನು ಮುಂದುಮಾಡಿ ಮೈಸೂರಿನ ಆಡಳಿತವನ್ನು ವಶಪಡಿಸಿಕೊಂಡನು. ಆ ಕ್ರಮ ಸರಿಯೇ ಎಂಬ ಸಂದೇಹ ಅವನಿಗೇ ಅನಂತರ ಬಂದಿತಂತೆ! ಆದರೆ ರಾಜ್ಯ ಹಿಂದಿರುಗಲು ಐವತ್ತು ವರ್ಷ ಹಿಡಿಯಿತು.

ನ್ಯಾಯವಾಗಿ ಹೇಳುವುದಾದರೆ ಕಮಿಷನರ್ ಕಬ್ಬನ್ ಹಣಕಾಸನ್ನು ಸರಿದಾರಿಗೆ ತಂದನು. ಸಾಲಗಳನ್ನು ತೀರಿಸಿದ್ದಲ್ಲದೆ, ಜನರನ್ನು ಕಾಡುತ್ತಿದ್ದ 769 ಬಗೆಯ ಚಿಲ್ಲರೆ ತೆರಿಗೆಗಳನ್ನು ರದ್ದುಮಾಡಿದನು. ಒಂದೇ ರಾಜ್ಯದಲ್ಲಿ 769 ಬಗೆಯ ತೆರಿಗೆಗಳು! ಕೊರತೆ ಬಿದ್ದ ಬೊಕ್ಕಸ ಹೇಗೆ ಮೂಲೆಮೂಲೆಯನ್ನೂ ತಡಕಾಡುತ್ತದೆಂಬುದು ಈ ಒಂದು ಸಂಖ್ಯೆಯಿಂದ ತಿಳಿಯುತ್ತದೆ.

ಬಳಿಕ 1876–78ರ ಭೀಕರ ಕ್ಷಾಮ. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕಡಿಮೆಯಾಗಿತ್ತು. ಕೂಡಿಟ್ಟಿದ್ದ 63 ಲಕ್ಷ ರೂಪಾಯಿ ಕರಗಿಹೋಗಿ, ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿ ಸಾಲವಾಯಿತು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದಾಗ, ಕಮಿಷನರುಗಳ ಕಾಲದಲ್ಲಿ ಆದ ಈ ಸಾಲವೂ ಜೊತೆಗೇ ಬಂದಿತು. ವಾರ್ಷಿಕ ವರಮಾನ ಸುಮಾರು 1 ಕೋಟಿ 3 ಲಕ್ಷ. ಪೊಗದಿಯೊಂದೇ ಅದರಲ್ಲಿ ಕಾಲುಭಾಗದಷ್ಟು. ಅದನ್ನು 35 ಲಕ್ಷಕ್ಕೆ ಏರಿಸುವ ನಿಬಂಧನೆಯೂ ಇತ್ತು. ಕ್ಷಾಮದ ಪೆಟ್ಟನ್ನು ಕಂಡು ಅದನ್ನು ಮುಂದೂಡಿದರು. 1896ರಿಂದ ಏರಿದ ದರ ಜಾರಿಗೆ ಬಂದಿತು.

ದಿವಾನ್ ರಂಗಾಚಾರ್ಲು ಆಗ ಮಾಡಿದ ಎರಡು ಕೆಲಸಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ಕಡೆ ಖರ್ಚನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿದರು. ಎಂಟು ಜಿಲ್ಲೆಗಳನ್ನು ಆರಕ್ಕಿಳಿಸಿದ್ದರಿಂದ ಹಾಸನ, ಚಿತ್ರದುರ್ಗಗಳು ಕೆಲಕಾಲ ಜಿಲ್ಲೆಗಳೆಂಬ ಹೆಸರನ್ನೇ ಕಳೆದುಕೊಂಡವು. ಇನ್ನೊಂದು ಕಡೆ, ಅಷ್ಟು ಸಾಲದ ನಡುವೆಯೂ, ಬೆಂಗಳೂರು–ಮೈಸೂರು ರೈಲುಮಾರ್ಗವನ್ನು ನಿಲ್ಲಿಸದೆ 1882ರಲ್ಲಿ ಮೈಸೂರು ಮುಟ್ಟಿಸಿದರು. ನಿತ್ಯದ ಖರ್ಚಿಗೆ ಕತ್ತರಿ, ಬೆಳೆಯುವ ಕಾಮಗಾರಿಗೆ ಹಣ. 1881ರ ಅಕ್ಟೋಬರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದು ರಾಜ್ಯದ ಜಮಾಖರ್ಚನ್ನು ಅದರ ಮುಂದಿಟ್ಟರು. ಅಂದಿನ ದೇಶೀಯ ಸಂಸ್ಥಾನಗಳಲ್ಲಿ ಇದು ಹೊಸ ಮಾತು. ಅವರ ನಂತರ ಬಂದ ಶೇಷಾದ್ರಿ ಅಯ್ಯರ್ ಅದೇ ಹಾದಿಯಲ್ಲಿ ನಡೆದರು. ಕೋಲಾರದ ಚಿನ್ನದ ರಾಜಧನವೂ ಒದಗಿಬಂದು, 1895ರ ಹೊತ್ತಿಗೆ ವರಮಾನ 1 ಕೋಟಿ 80 ಲಕ್ಷಕ್ಕೇರಿತ್ತು, ಬೊಕ್ಕಸ ಮಿಗತೆಯಲ್ಲಿತ್ತು. ಮೈಸೂರಿನ ಋಣಭಾರವನ್ನು ಇಳಿಸಿದ ಈ ಇಬ್ಬರಲ್ಲಿ ಒಬ್ಬರು ಚೆಂಗಲ್ಪಟ್ಟು ಜಿಲ್ಲೆಯವರು, ಇನ್ನೊಬ್ಬರು ಪಾಲಕ್ಕಾಡಿನ ಕಡೆಯವರು. ಗಡಿಯಲ್ಲಿ ಬಾಳುವ ನಮಗೆ ಈ ಸಂಗತಿ ಸಂತೋಷ ಕೊಡುವಂಥದು.

ಇಂತಹ ಕಥೆ ನಮ್ಮದೊಂದೇ ಎಂದುಕೊಳ್ಳಬಾರದು. ಯೂರೋಪಿನ ಗ್ರೀಸ್ ದೇಶ 1893ರಲ್ಲಿ ದಿವಾಳಿಯಾಯಿತು. 1897ರಲ್ಲಿ ತುರ್ಕಿಯೊಡನೆ ಕಾದಾಡಿ ಸೋತು 40 ಲಕ್ಷ ತುರ್ಕಿ ಪೌಂಡುಗಳ ಯುದ್ಧದಂಡಕ್ಕೆ ಗುರಿಯಾಯಿತು. ಮರುವರ್ಷ ಯೂರೋಪಿನ ಪ್ರಬಲ ರಾಷ್ಟ್ರಗಳು ಅಥೆನ್ಸಿನಲ್ಲಿ ಹಣಕಾಸು ಆಯೋಗವೊಂದನ್ನು ಕೂರಿಸಿ ಉಪ್ಪು, ಸೀಮೆಎಣ್ಣೆ, ಬೆಂಕಿಪೊಟ್ಟಣ, ತಂಬಾಕು ಮುಂತಾದವುಗಳ ಆದಾಯವನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡವು. 1792 ಮತ್ತು 1831ರ ಮೈಸೂರನ್ನು ಒಂದೇ ಕಡೆ ಕಂಡಂತಿದೆ. ನೂರು ವರ್ಷಗಳ ಬಳಿಕ ಅದೇ ದೇಶ ಯೂರೋ ನಾಣ್ಯದ ಒಕ್ಕೂಟವನ್ನು ಸೇರಿತು. ಆ ಒಕ್ಕೂಟದ ತಳಹದಿಯಾದ ಮಾಸ್ಟ್ರಿಕ್ಟ್ ಒಪ್ಪಂದ, 1992ರದು, ಕೊರತೆ ದೇಶದ ಉತ್ಪನ್ನದ ನೂರಕ್ಕೆ 3ನ್ನೂ ಸಾಲ ನೂರಕ್ಕೆ 60ನ್ನೂ ಮೀರಬಾರದೆಂದು ವಿಧಿಸಿತ್ತು. ಗ್ರೀಸಿನ ಲೆಕ್ಕದಲ್ಲಿ ಕೊರತೆ ಚಿಕ್ಕದಾಗಿ ಕಾಣುತ್ತಿತ್ತು. 2009ರಲ್ಲಿ ಹೊಸ ಸರ್ಕಾರ ಪುಸ್ತಕ ತೆರೆದು ನೋಡಿದಾಗ ನಿಜವಾದ ಅಂಕಿ ಅದರ ಎರಡರಷ್ಟನ್ನೂ ಮೀರಿತ್ತು. ಕೊನೆಗೆ ನೂರಕ್ಕೆ 15ರಷ್ಟೆಂದು ಇತ್ಯರ್ಥವಾಯಿತು. 2010ರ ಮೇ ತಿಂಗಳಿನಲ್ಲಿ 11,000 ಕೋಟಿ ಯೂರೋಗಳ ನೆರವು ಬಂದಿತು. ಅದರೊಡನೆ ಸಂಬಳ, ಪಿಂಚಣಿಗಳ ಕಡಿತದ ಷರತ್ತುಗಳೂ ಬಂದವು. ಆ ನೆರವಿನ ಸರಣಿ ಮುಗಿದದ್ದು 2018ರಲ್ಲಿ. ನಮ್ಮ ಸಂಸತ್ತು 2003ರಲ್ಲಿ ಮಾಡಿದ ವಿತ್ತೀಯ ಹೊಣೆಗಾರಿಕೆಯ ಕಾಯಿದೆಯಲ್ಲಿಯೂ ನೂರಕ್ಕೆ 3 ಎಂಬ ಗೆರೆಯೇ ಕಾಣಿಸಿಕೊಂಡಿತು. ಅದಕ್ಕೂ ಮೊದಲೇ, 2002ರಲ್ಲಿ, ಇಂತಹ ಕಾಯಿದೆಯನ್ನು ಮಾಡಿದ ಮೊದಲ ರಾಜ್ಯ ಕರ್ನಾಟಕ. ತಮಿಳುನಾಡು 2003ರಲ್ಲಿ ಮಾಡಿತು.

ಈಗ ಮತ್ತೆ ಘಟ್ಟವಿಳಿದು ಬರೋಣ. ಕೊರತೆಯನ್ನು ಸಾಲದಿಂದಲೇ ತುಂಬಬೇಕೆಂದಿಲ್ಲ, ಹೊಸ ತೆರಿಗೆಯಿಂದಲೂ ತುಂಬಬಹುದು. ಇದಕ್ಕೆ ಭಾರತದಲ್ಲೇ ಹೆಸರಾದ ಉದಾಹರಣೆ ನಮ್ಮ ನೆಲದ್ದು. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ರಾಜಾಜಿಯವರು ಮದರಾಸು ಪ್ರಾಂತದ ಪ್ರಧಾನಿಯಾಗಿದ್ದಾಗ, 1937ರ ಅಕ್ಟೋಬರ್ 1ರಿಂದ ಪಾನನಿರೋಧವನ್ನು ಜಾರಿಗೆ ತಂದರು. ಮೊದಲು ಆರಿಸಿಕೊಂಡದ್ದು ಅಂದು ನಮ್ಮನ್ನೂ ಒಳಗೊಂಡಿದ್ದ ಸೇಲಂ ಜಿಲ್ಲೆಯನ್ನೇ. ಅಬಕಾರಿ ಆದಾಯ ಕೈಬಿಟ್ಟಿತು. ಸಾಲದ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದ ಅವರು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆಯನ್ನು ತಂದರು. ದೇಶದಲ್ಲಿ ಅದೇ ಮೊದಲನೆಯದು. ಮುಂದೆ ಎಲ್ಲ ರಾಜ್ಯಗಳ ಬೊಕ್ಕಸಕ್ಕೂ ಆಧಾರಸ್ತಂಭವಾದ ಆ ತೆರಿಗೆ ಮೌಲ್ಯವರ್ಧಿತ ತೆರಿಗೆಯಾಗಿ ಮಾರ್ಪಟ್ಟು, 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯಲ್ಲಿ ಬಹುಮಟ್ಟಿಗೆ ಲೀನವಾಯಿತು. ಮದ್ಯವನ್ನು ಬಿಟ್ಟ ನಷ್ಟಕ್ಕೆಂದು ಹುಟ್ಟಿದ ತೆರಿಗೆ ಉಳಿಯಿತು, ಮದ್ಯದ ಆದಾಯವೂ ಮರಳಿ ಬಂದಿತು! 2003ರಿಂದ ಈ ರಾಜ್ಯದಲ್ಲಿ ಅದರ ಚಿಲ್ಲರೆ ಮಾರಾಟ ಸರ್ಕಾರದ ನಿಗಮದ ಕೈಯಲ್ಲಿಯೇ ಇದೆ.

ಬಾವಿ ತೋಡಿಸಿದಂತಹ ವೆಚ್ಚಕ್ಕೆ ಉದಾಹರಣೆ ಬೇಕಾದರೆ 1950ರ ದಶಕದಲ್ಲಿ ದಕ್ಷಿಣ ಪಿನಾಕಿನಿಗೆ ಅಡ್ಡಲಾಗಿ ಕಟ್ಟಿದ ಕೃಷ್ಣಗಿರಿ ಅಣೆಕಟ್ಟನ್ನು ನೋಡಬಹುದು. ಅದರ ನೀರಿನಲ್ಲಿ ಎರಡು ಮೂರು ತಲೆಮಾರು ಬೆಳೆ ತೆಗೆದಿವೆ. 2017ರ ನವೆಂಬರಿನಲ್ಲಿ ಅದರ ಒಂದು ತೂಬುಬಾಗಿಲು ಮುರಿದು ನೀರು ನುಗ್ಗಿಹೋದದ್ದು ಅನೇಕರಿಗೆ ನೆನಪಿರಬಹುದು. ಕಟ್ಟಡಗಳೂ ಬಾಗಿಲುಗಳೂ ಸವೆಯುತ್ತವೆ. ಆದರೆ ಸವೆತ ಯಾವ ವರ್ಷದ ಕೊರತೆಯ ಲೆಕ್ಕದಲ್ಲಿಯೂ ಕಾಣುವುದಿಲ್ಲ. ದುರಸ್ತಿಯ ಹಣವನ್ನು ಉಳಿಸಿದರೆ ಆ ವರ್ಷದ ಆಯವ್ಯಯ ಚೊಕ್ಕಟವಾಗಿಯೇ ತೋರುತ್ತದೆ.

ಶಾಲೆಗೂ ಈ ವಿಷಯಕ್ಕೂ ಏನು ಸಂಬಂಧವೆಂದು ಇಲ್ಲಿಯವರೆಗೆ ಯೋಚಿಸುತ್ತಿದ್ದವರಿಗೆ 2001ರಿಂದ 2003ರವರೆಗಿನ ವರ್ಷಗಳನ್ನು ನೆನಪಿಸುತ್ತೇನೆ. 2001ರಲ್ಲಿಯೂ ತಮಿಳುನಾಡು ಸರ್ಕಾರ ಒಂದು ಶ್ವೇತಪತ್ರವನ್ನು ಪ್ರಕಟಿಸಿತು: ಬೊಕ್ಕಸ ಬರಿದು, ನಿತ್ಯದ ಖರ್ಚಿಗೂ ಸಾಲ. ಅದೇ ವರ್ಷ ಖಾಲಿ ಹುದ್ದೆಗಳ ಭರ್ತಿಗೆ ತಡೆ ಬಿದ್ದಿತು. 2003ರ ಏಪ್ರಿಲಿನಿಂದ ಹೊಸದಾಗಿ ಸೇರುವ ನೌಕರರಿಗೆ ಹಳೆಯ ಪಿಂಚಣಿ ಇಲ್ಲವಾಯಿತು. ಸವಲತ್ತುಗಳ ಕಡಿತವನ್ನು ವಿರೋಧಿಸಿ ಆ ಜುಲೈ ತಿಂಗಳಿನಲ್ಲಿ ಮುಷ್ಕರ ನಡೆದಾಗ ಸುಮಾರು 1 ಲಕ್ಷ 70 ಸಾವಿರ ನೌಕರರು ಹಾಗೂ ಶಿಕ್ಷಕರು ಕೆಲಸ ಕಳೆದುಕೊಂಡರು; ಸುಪ್ರೀಂ ಕೋರ್ಟು ನಡುವೆ ಬಂದ ಮೇಲೆ ಬಹುಪಾಲು ಜನ ಮರಳಿದರು. ಕೊರತೆಯೇನೋ ಮುಂದಿನ ಎರಡು ಮೂರು ವರ್ಷಗಳಲ್ಲಿ ಇಳಿಯಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಖರ್ಚು ಕತ್ತರಿಸುವವರಿಗೆ ಖಾಲಿ ಹುದ್ದೆಗಿಂತ ಸುಲಭವಾಗಿ ಸಿಗುವುದು ಬೇರೊಂದಿಲ್ಲ. ಯಾರನ್ನೂ ತೆಗೆಯಬೇಕಾಗಿಲ್ಲ, ನಿವೃತ್ತರಾದವರ ಜಾಗಕ್ಕೆ ಮತ್ತೊಬ್ಬರನ್ನು ಕಳುಹಿಸದಿದ್ದರೆ ಸಾಕು. ಗಣಿತಕ್ಕೆ ಒಬ್ಬರೇ, ಕನ್ನಡಕ್ಕೆ ಒಬ್ಬರೇ ಶಿಕ್ಷಕರಿರುವ ಅಲ್ಪಸಂಖ್ಯಾತ ಭಾಷೆಯ ಶಾಲೆಗೆ ಅಂತಹ ಒಂದು ಖಾಲಿ ಹುದ್ದೆ ಎಂದರೆ ಏನೆಂಬುದನ್ನು ಈ ಸಂಚಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

2013ರಿಂದೀಚೆಗೆ ರಾಜಸ್ವ ಕೊರತೆ ಮತ್ತೆ ತಲೆದೋರಿ ವರ್ಷವರ್ಷವೂ ಮುಂದುವರಿಯಿತೆಂದು 2021ರ ಶ್ವೇತಪತ್ರ ತೋರಿಸಿತು. ಆ ಹೊತ್ತಿಗೆ ರಾಜ್ಯದ ವರಮಾನದಲ್ಲಿ ಐದರಲ್ಲೊಂದು ಪಾಲಿನಷ್ಟು ಬಡ್ಡಿಗೇ ಹೋಗುತ್ತಿತ್ತು. 1881ರ ಮೈಸೂರು ಪೊಗದಿಗೆಂದು ತೆಗೆದಿಡುತ್ತಿದ್ದ ಕಾಲುಭಾಗವನ್ನು ಇದರೊಂದಿಗೆ ಹೋಲಿಸಬಹುದು. ಒಂದು ಭೇದವುಂಟು: ಪೊಗದಿ ಹೊರಗಿನವರಿಗೆ ಸಲ್ಲುತ್ತಿತ್ತು, ಈ ಬಡ್ಡಿ ಬಹುಮಟ್ಟಿಗೆ ನಮ್ಮಲ್ಲಿಯೇ ಉಳಿಯುತ್ತದೆ.

ಆದ್ದರಿಂದ ನನ್ನ ಸಹಪಾಠಿಗೆ ಇಂದು ಕೊಡುವ ಉತ್ತರ ಹೀಗಿದೆ. ಆ 2 ಲಕ್ಷ 63 ಸಾವಿರ ರೂಪಾಯಿ ಕೇಳಲು ಯಾರೂ ನಿಮ್ಮ ಮನೆಯ ಬಾಗಿಲಿಗೆ ಬರುವುದಿಲ್ಲ. ರಾಜ್ಯ ಸರ್ಕಾರದ ಪರವಾಗಿ ರಿಸರ್ವ್ ಬ್ಯಾಂಕು ಸಾಲಪತ್ರಗಳನ್ನು ಹರಾಜು ಹಾಕುತ್ತದೆ. ಬ್ಯಾಂಕುಗಳೂ ವಿಮಾ ಸಂಸ್ಥೆಗಳೂ ಭವಿಷ್ಯನಿಧಿಗಳೂ ಅವುಗಳನ್ನು ಕೊಳ್ಳುತ್ತವೆ. ಹೂವು ಮಾರಿದ ಹಣವನ್ನು ನೀವು ಹೊಸೂರಿನ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರೆ, ವಿಮೆಯ ಕಂತು ಕಟ್ಟಿದ್ದರೆ, ಅದರಲ್ಲಿ ಒಂದು ಪಾಲು ಈ ಪತ್ರಗಳಿಗೆ ಹೋಗಿರಬಹುದು. ಸಾಲಗಾರರೂ ನೀವೇ, ಪರೋಕ್ಷವಾಗಿ ಸಾಲ ಕೊಟ್ಟವರೂ ನೀವೇ. ಬಡ್ಡಿಯನ್ನು ಮಾತ್ರ ಈಗಾಗಲೇ ಕಟ್ಟುತ್ತಿದ್ದೀರಿ. ಸೋಪು ಕೊಂಡಾಗ, ಪೆಟ್ರೋಲು ಹಾಕಿಸಿದಾಗ, ಜಮೀನು ನೋಂದಣಿ ಮಾಡಿಸಿದಾಗ. 2021ರಲ್ಲಿ ಹತ್ತು ವರ್ಷದ ಅವಧಿಗೆ ಮಾರಿದ ಪತ್ರದ ಅಸಲನ್ನು 2031ರಲ್ಲಿ ಹಿಂದಿರುಗಿಸಬೇಕು. ವಾಡಿಕೆಯಂತೆ ಆಗ ಹೊಸ ಪತ್ರವನ್ನು ಮಾರಿ ಹಳೆಯದನ್ನು ತೀರಿಸುವರು. ಆ ಹೊಸ ಪತ್ರದ ಬಡ್ಡಿಗೆ ತೆರಿಗೆ ಕಟ್ಟುವವರಲ್ಲಿ ಕೆಲವರು ಈ ಮಹೋತ್ಸವದ ದಿನ ವೇದಿಕೆಯ ಮೇಲೆ ನಾಡಗೀತೆ ಹಾಡುವ ಮಕ್ಕಳು.